ಕ್ಲಿನಿಕ್ ಹತ್ತಿರದಲ್ಲೇ ಇದೆ, ದುಡ್ಡೂ ಕೇಳುವುದಿಲ್ಲ. ಆದರೂ ಹೆಂಗಸರು ಯಾಕೆ ಬರುತ್ತಿಲ್ಲ?

ಸಂಜೆಬೆಳಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹೆಂಗಸರ ಒಂದು ಸಣ್ಣ ಗುಂಪಿನಲ್ಲಿ ಬಿಡುವಿದ್ದಾಗ ಕೆಲಸ ಮಾಡುತ್ತೇನೆ. ಗರ್ಭನಿರೋಧಕ ಬೇಕು ಅನ್ನುವವರಿಗೆ ಎಲ್ಲಿ ಸಿಗುತ್ತದೆ ಅಂತ ಹೇಳುವುದು, ಒಬ್ಬರೇ ಹೋಗಲು ಹಿಂಜರಿಯುವವರ ಜೊತೆ ಹೋಗುವುದು, ಇಷ್ಟೇ ನಮ್ಮ ಕೆಲಸ.

ಕ್ಲಿನಿಕ್ ದೂರ ಇಲ್ಲ, ನಡೆದೇ ಹೋಗಬಹುದು. ಸೇವೆ ಉಚಿತ. ಮಾತ್ರೆ, ಕಾಂಡೋಮ್, ಮೂರು ತಿಂಗಳ ಇಂಜೆಕ್ಷನ್, ಕಾಪರ್ ಟಿ, ತೋಳಿನ ಚರ್ಮದ ಕೆಳಗೆ ಇಡುವ ಪುಟ್ಟ ಕಡ್ಡಿ, ಎಲ್ಲವೂ ಇದೆ ಅಂತ ಬೋರ್ಡಿನಲ್ಲಿ ಬರೆದಿದ್ದಾರೆ. ಆದರೂ ಬರುವವರು ಕಡಿಮೆ. ಒಮ್ಮೆ ಬಂದವರು ಮತ್ತೆ ಬರುವುದು ಇನ್ನೂ ಕಡಿಮೆ.

ಜನರಿಗೆ ತಿಳಿವಳಿಕೆ ಇಲ್ಲ, ಇನ್ನಷ್ಟು ಜಾಗೃತಿ ಕಾರ್ಯಕ್ರಮ ಮಾಡೋಣ ಅಂತ ನಮ್ಮ ಗುಂಪಿನವರು ಹೇಳುತ್ತಾರೆ. ನನಗೆ ಯಾಕೋ ಹಾಗನ್ನಿಸುತ್ತಿಲ್ಲ. ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸಿದರೆ ಬೇರೆಯೇ ಕಥೆ ಬರುತ್ತದೆ. ಒಬ್ಬಾಕೆಗೆ "ಮುಟ್ಟಾದಾಗ ಬಾ" ಅಂತ ಹೇಳಿ ವಾಪಸ್ ಕಳಿಸಿದ್ದಾರೆ. ಆಕೆ ಆಮೇಲೆ ಆ ಕಡೆ ತಲೆ ಹಾಕಿಲ್ಲ. ಇನ್ನೊಬ್ಬಾಕೆಗೆ ಕಡ್ಡಿ ಹಾಕಿಸಿಕೊಂಡ ಮೇಲೆ ಆಗಾಗ ರಕ್ತ ಕಾಣಿಸಿಕೊಳ್ಳುತ್ತಿದೆ. ತೆಗೆಸೋಣ ಅಂತ ಹೋದರೆ "ಇನ್ನೂ ಅವಧಿ ಮುಗಿದಿಲ್ಲವಲ್ಲ, ಸ್ವಲ್ಪ ತಡೆದುಕೋ" ಅನ್ನುತ್ತಾರಂತೆ. ಮತ್ತೊಬ್ಬಾಕೆಗೆ ಇಂಜೆಕ್ಷನ್ ಆದಮೇಲೆ ಮುಟ್ಟು ನಿಂತಿದೆ. ಕೆಟ್ಟ ರಕ್ತ ಹೊಟ್ಟೆಯೊಳಗೇ ಉಳಿದುಬಿಡುತ್ತದೆ ಅಂತ ಅತ್ತೆ ಹೆದರಿಸಿದ್ದಾರೆ, ಇವಳು ಮುಂದಿನ ಡೋಸ್ ಬಿಟ್ಟಿದ್ದಾಳೆ. ಒಬ್ಬರು ನೇರವಾಗಿಯೇ ಹೇಳಿದರು: "ಚೀಟಿ ಬರೆಯುವ ಹೆಂಗಸು ನಮ್ಮ ಪಕ್ಕದ ಮನೆಯವಳು. ನಾನು ಹೋಗಲ್ಲ."

ಇವರಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ ಅನ್ನುವ ಹಾಗಿಲ್ಲ, ಅಲ್ವಾ? ಹಾಗಾದರೆ ನಮ್ಮಂಥ ಹೊರಗಿನ ಗುಂಪು ಏನು ಮಾಡಬಹುದು? ಅನುಭವ ಇದ್ದವರು ಹೇಳಿ.

ಹಳೇನರ್ಸ್

ಸಂಜೆಬೆಳಕು ಅವರೇ, ನಿಮಗೆ ಅನ್ನಿಸಿದ್ದು ಸರಿ. ಪೋಸ್ಟರ್ ಅಂಟಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಗಟ್ಟಿಯಾಗಿ ಹೇಳಿದೆ ಅಂತ ಬೇಜಾರಾಗಬೇಡಿ, ಈ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಗಿದೆ.

ಮಕ್ಕಳು ಸದ್ಯಕ್ಕೆ ಬೇಡ ಅನ್ನುವವರು ಗರ್ಭನಿರೋಧಕ ಯಾಕೆ ಬಳಸುತ್ತಿಲ್ಲ ಅಂತ ಹಲವು ದೇಶಗಳ ಸಮೀಕ್ಷೆಗಳಲ್ಲಿ ಕೇಳಿದ್ದಾರೆ. "ಎಲ್ಲಿ ಸಿಗುತ್ತದೆ ಗೊತ್ತಿಲ್ಲ" ಅಥವಾ "ತುಂಬಾ ದೂರ" ಅನ್ನುವವರು ಸ್ವಲ್ಪವೇ ಜನ. ಅಡ್ಡಪರಿಣಾಮದ ಭಯ ಅನ್ನುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಶುರು ಮಾಡಿದವರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಒಂದು ವರ್ಷದೊಳಗೆ ನಿಲ್ಲಿಸುತ್ತಾರೆ. ಅಂದರೆ ಬಾಗಿಲವರೆಗೆ ಬಂದವರನ್ನೇ ನಾವು ಕಳೆದುಕೊಳ್ಳುತ್ತಿದ್ದೇವೆ. ಬಾಗಿಲು ಎಲ್ಲಿದೆ ಅಂತ ಇನ್ನೊಮ್ಮೆ ಮೈಕಿನಲ್ಲಿ ಕೂಗಿದರೆ ಏನು ಬಂತು?

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ.

"ಮುಟ್ಟಾದಾಗ ಬಾ". ಇದು ಬಹಳ ಹಳೆಯ ರೋಗ. ಕೀನ್ಯಾದಲ್ಲಿ 1990ರ ದಶಕದಲ್ಲೇ ಇದರ ಮೇಲೆ ಅಧ್ಯಯನ ಮಾಡಿ, ಮುಟ್ಟಿಲ್ಲದ ದಿನ ಬಂದವರನ್ನು ಕ್ಲಿನಿಕ್‌ಗಳು ಬರಿಗೈಲಿ ಕಳಿಸುತ್ತಿವೆ ಅಂತ ತೋರಿಸಿದ್ದರು. ಆಕೆ ಈಗಾಗಲೇ ಗರ್ಭಿಣಿ ಆಗಿದ್ದರೆ ಅನ್ನುವ ಭಯ ಸಿಬ್ಬಂದಿಗೆ. ಅದಕ್ಕೆ ಉತ್ತರ ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಆರು ಪ್ರಶ್ನೆಗಳ ಒಂದು ಹಾಳೆ ಇದೆ. ಕೊನೆಯ ಮುಟ್ಟು ಶುರುವಾಗಿ 7 ದಿನ ದಾಟಿಲ್ಲವೇ? ಕಳೆದ ಮುಟ್ಟು ಅಥವಾ ಹೆರಿಗೆಯಿಂದ ಈಚೆಗೆ ಗಂಡ ಹೆಂಡತಿ ಸೇರಿಲ್ಲವೇ? ಹೆರಿಗೆಯಾಗಿ 4 ವಾರದೊಳಗೇ? ಗರ್ಭಪಾತವಾಗಿ 7 ದಿನದೊಳಗೇ? ಮಗುವಿಗೆ 6 ತಿಂಗಳು ತುಂಬಿಲ್ಲ, ಪೂರ್ತಿ ಎದೆಹಾಲೇ ಕೊಡುತ್ತಿದ್ದಾಳೆ, ಮುಟ್ಟು ಮರಳಿಲ್ಲ, ಹೀಗಿದೆಯೇ? ನಂಬಬಹುದಾದ ಒಂದು ವಿಧಾನವನ್ನು ತಪ್ಪದೆ ಬಳಸುತ್ತಿದ್ದಾಳೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಸಾಕು. ಗರ್ಭಿಣಿಯ ಲಕ್ಷಣ ಏನೂ ಇಲ್ಲದಿದ್ದರೆ ಅವತ್ತೇ ಶುರು ಮಾಡಬಹುದು. ಯಾವುದಕ್ಕೂ ಹೌದು ಬಾರದಿದ್ದರೆ ಪರೀಕ್ಷೆ ಮಾಡಿ, ಅಲ್ಲಿಯವರೆಗೆ ಕಾಂಡೋಮ್ ಆದರೂ ಕೊಟ್ಟು ಕಳಿಸಿ. ಬರಿಗೈಲಿ ಯಾರೂ ಹೋಗಬಾರದು.

ಇದೇ ಜಾತಿಯ ಇನ್ನೊಂದು ಅಡ್ಡಿ ಎಂದರೆ ಬೇಡದ ಪರೀಕ್ಷೆಗಳು. ಮಾತ್ರೆ ಶುರು ಮಾಡಲು ಒಳಪರೀಕ್ಷೆ ಬೇಕಿಲ್ಲ, ರಕ್ತ ಪರೀಕ್ಷೆಯ ಸರಮಾಲೆಯೂ ಬೇಕಿಲ್ಲ. ಬೇಕಾದದ್ದು ನಾಲ್ಕು ಮಾತು ಕೇಳುವ ತಾಳ್ಮೆ: ಬಿಪಿ ಎಷ್ಟಿದೆ, ವಯಸ್ಸು 35 ದಾಟಿ ಸಿಗರೇಟು ಸೇದುವ ಅಭ್ಯಾಸ ಇದೆಯೇ, ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಥರದ ಅರೆತಲೆನೋವು ಇದೆಯೇ, ಎಳೆ ಮಗುವಿಗೆ ಹಾಲೂಡಿಸುತ್ತಿದ್ದಾಳೆಯೇ. ಎರಡು ಹಾರ್ಮೋನ್ ಸೇರಿಸಿ ಮಾಡಿದ ಮಾತ್ರೆ ಇಂಥವರಿಗೆ ಹೊಂದುವುದಿಲ್ಲ, ಬೇರೆ ದಾರಿ ತೋರಿಸಬೇಕು. ಇಷ್ಟು ಕೇಳಲು ದೊಡ್ಡ ಆಸ್ಪತ್ರೆ ಬೇಡ.

ಇನ್ನು ಇಂಜೆಕ್ಷನ್ ಆಕೆ. ಮೂರು ತಿಂಗಳ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟು ನಿಲ್ಲುತ್ತದೆ. ಕೆಟ್ಟ ರಕ್ತ ಒಳಗೆ ಕೂಡಿಕೊಳ್ಳುವ ಮಾತೇ ಇಲ್ಲ. ಗರ್ಭಕೋಶದ ಒಳಪದರ ತೆಳ್ಳಗೇ ಉಳಿಯುವುದರಿಂದ ಉದುರಲು ಏನೂ ಇರುವುದಿಲ್ಲ, ಅಷ್ಟೇ. ಈ ಮಾತನ್ನು ಸೂಜಿ ಚುಚ್ಚುವ ಮೊದಲು ಹೇಳಬೇಕು. ಮುಟ್ಟು ನಿಂತ ಮೇಲೆ ಹೇಳಿದರೆ ಸಮಜಾಯಿಷಿ ಕೊಟ್ಟ ಹಾಗೆ ಕೇಳಿಸುತ್ತದೆ. ಅತ್ತೆಯೂ ಜೊತೆಗೆ ಬಂದಿದ್ದರೆ, ಸೊಸೆ ಒಪ್ಪಿದರೆ, ಅವರಿಗೂ ಹೇಳಿ. ಆ ಭಯ ಅತ್ತೆಯದು, ಸುಮ್ನೆ ಸೊಸೆಗೆ ಪಾಠ ಮಾಡಿ ಏನು ಪ್ರಯೋಜನ?

ಡೋಸ್ ತಡವಾಗಿದ್ದರೆ ನಿಗದಿತ ದಿನದಿಂದ 4 ವಾರದವರೆಗೆ ಯಾವ ಪರೀಕ್ಷೆಯೂ ಇಲ್ಲದೆ ಕೊಡಬಹುದು. "ತಡ ಮಾಡಿದೆ, ಬೈತಾರೆ" ಅಂತ ಹೆದರಿ ಮನೆಯಲ್ಲೇ ಕೂತವರು ಎಷ್ಟು ಜನ ಇರುತ್ತಾರೆ ಗೊತ್ತಾ. ಇದನ್ನೂ ಮೊದಲೇ ಹೇಳಿಬಿಡಬೇಕು: ನಿಲ್ಲಿಸಿದ ಮೇಲೆ ಮತ್ತೆ ಬಸಿರಾಗಲು ಬೇರೆ ವಿಧಾನಗಳಿಗಿಂತ ಕೆಲವು ತಿಂಗಳು ಜಾಸ್ತಿ ಹಿಡಿಯುತ್ತದೆ. ಮುಂದಿನ ವರ್ಷವೇ ಮಗು ಬೇಕು ಅನ್ನುವವಳಿಗೆ ಈ ಮಾತು ಮುಚ್ಚಿಟ್ಟರೆ, ಬಂಜೆತನ ಬಂತು ಅಂತ ಅವಳು ಊರೆಲ್ಲ ಹೇಳುತ್ತಾಳೆ. ಅವಳ ತಪ್ಪೇನಿದೆ?

ಕಡ್ಡಿಯ ವಿಷಯ ದೊಡ್ಡದು, ಕೊನೆಗಿಟ್ಟುಕೊಂಡಿದ್ದೆ. ಹಾಕಿಸಿಕೊಳ್ಳಲು ಹೋದಾಗ ಸಿಗುವ ಮರ್ಯಾದೆ ತೆಗೆಸಲು ಹೋದಾಗಲೂ ಸಿಗಬೇಕು. ನನ್ನ ಲೆಕ್ಕದಲ್ಲಿ ಒಂದು ಕ್ಲಿನಿಕ್ ಜನರ ಕೈಗೆ ಎಟುಕುತ್ತದೋ ಇಲ್ಲವೋ ಅಂತ ನೋಡಲು ಇದೊಂದೇ ಪರೀಕ್ಷೆ ಸಾಕು: "ನನಗಿದು ಬೇಡ, ತೆಗೆಯಿರಿ" ಅಂದವಳಿಗೆ ಅವತ್ತೇ ತೆಗೆಯುತ್ತಾರೋ ಇಲ್ಲವೋ. ಅವಧಿ 3 ವರ್ಷವೋ 5 ವರ್ಷವೋ ಅನ್ನುವುದು ಔಷಧ ಎಷ್ಟು ದಿನ ಕೆಲಸ ಮಾಡುತ್ತದೆ ಅನ್ನುವ ಲೆಕ್ಕ. ಅವಳು ಅಷ್ಟು ದಿನ ಇಟ್ಟುಕೊಳ್ಳಲೇಬೇಕು ಅನ್ನುವ ಕರಾರಲ್ಲ.

ಇದು ಬರೀ ಒಂದು ಕ್ಲಿನಿಕ್ಕಿನ ಕೆಟ್ಟ ಗುಣ ಅಂತಲೂ ತಿಳಿಯಬೇಡಿ. ಇಥಿಯೋಪಿಯಾ 2003ರಲ್ಲಿ ಶುರು ಮಾಡಿದ ಆರೋಗ್ಯ ವಿಸ್ತರಣಾ ಕಾರ್ಯಕ್ರಮ ಲೋಕವೇ ಮೆಚ್ಚಿದ ಕೆಲಸ. ಹಳ್ಳಿಯ ಹುಡುಗಿಯರಿಗೇ ತರಬೇತಿ, ಸಂಬಳ ಕೊಟ್ಟು ಕಾರ್ಯಕರ್ತೆಯರನ್ನಾಗಿ ಮಾಡಿದರು. 2009ರಿಂದ ಅವರಿಗೆ ಕಡ್ಡಿ ಹಾಕುವುದನ್ನೂ ಕಲಿಸಿದರು. ಆದರೆ ತೆಗೆಸಲು ಮಾತ್ರ ಮೇಲಿನ ಆರೋಗ್ಯ ಕೇಂದ್ರಕ್ಕೇ ಹೋಗಬೇಕಿತ್ತು. ಹಾಕುವುದು ಮನೆ ಬಾಗಿಲಲ್ಲಿ, ತೆಗೆಯುವುದು ದೂರದಲ್ಲಿ. ಅಷ್ಟು ಒಳ್ಳೆಯ ಯೋಜನೆಯಲ್ಲೇ ಹೀಗಾಗುತ್ತದೆ ಅಂದರೆ ನೋಡಿ.

ನಿಮ್ಮ ಗುಂಪು ಮಾಡಬಹುದಾದ ಕೆಲಸ ಒಂದಿದೆ. ಕ್ಲಿನಿಕ್ಕಿನಿಂದ ಹೊರಗೆ ಬಂದವರನ್ನು, ಅವರಿಗೆ ಇಷ್ಟವಿದ್ದರೆ, ನಾಲ್ಕು ಪ್ರಶ್ನೆ ಕೇಳಿ. ಬೇರೆ ವಿಧಾನಗಳ ಬಗ್ಗೆಯೂ ಹೇಳಿದರೇ? ನಿಮ್ಮ ವಿಧಾನದಿಂದ ಏನು ತೊಂದರೆ ಆಗಬಹುದು ಅಂತ ಹೇಳಿದರೇ? ತೊಂದರೆ ಆದರೆ ಏನು ಮಾಡಬೇಕು ಅಂತ ಹೇಳಿದರೇ? ಬೇಡವಾದರೆ ಬದಲಾಯಿಸಬಹುದು ಅಂತ ಹೇಳಿದರೇ? ಇವು ನನ್ನ ತಲೆಯಿಂದ ಬಂದದ್ದಲ್ಲ. ದೊಡ್ಡ ಸಮೀಕ್ಷೆಗಳಲ್ಲಿ ಸಮಾಲೋಚನೆಯ ಗುಣಮಟ್ಟ ಅಳೆಯಲು ಕೇಳುವ ಪ್ರಶ್ನೆಗಳೇ ಇವು. ಹೆಸರು ಬರೆಯಬೇಡಿ. ಒಂದಷ್ಟು ಉತ್ತರ ಸೇರಿದ ಮೇಲೆ ಅದನ್ನು ಹಿಡಿದು ಅಲ್ಲಿನ ಮುಖ್ಯಸ್ಥರ ಹತ್ತಿರ ಹೋಗಿ. ಜಗಳಕ್ಕೆ ಹೋಗಬೇಡಿ, ಲೆಕ್ಕ ತೋರಿಸಿ.

ಲೆಕ್ಕಿಗ

ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ಇಷ್ಟೆಲ್ಲ ಮಾತುಕತೆಗೆ ಸಮಯ ಎಲ್ಲಿದೆ? 2021ರ ಲೆಕ್ಕದಲ್ಲಿ ಗರ್ಭ ಬೇಡ, ಆದರೆ ಯಾವ ಗರ್ಭನಿರೋಧಕವನ್ನೂ ಬಳಸುತ್ತಿಲ್ಲ ಅನ್ನುವ ಹೆಂಗಸರು ಜಗತ್ತಿನಲ್ಲಿ 16 ಕೋಟಿಗೂ ಹೆಚ್ಚು. ಮಾತ್ರೆ, ಕಾಂಡೋಮ್ ಮನೆ ಮನೆಗೆ ಹಂಚಿಬಿಡಿ. ಒಬ್ಬೊಬ್ಬ ಕಾರ್ಯಕರ್ತೆಗೆ ತಿಂಗಳಿಗೆ ಇಷ್ಟು ಅಂತ ಗುರಿ ಕೊಡಿ. ಕೆಲಸ ತಾನಾಗಿ ಆಗುತ್ತದೆ. ಗುರಿ ಇಲ್ಲದೆ ಯಾವ ಇಲಾಖೆ ಕೆಲಸ ಮಾಡಿದೆ ಹೇಳಿ.

ಹಳೇನರ್ಸ್

ಲೆಕ್ಕಿಗ ಅವರೇ, ನಿಮ್ಮ ಮೊದಲ ಸಲಹೆಯನ್ನು ಮಾಡಿ ನೋಡಿದ್ದಾರೆ. ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ, 1975ರಲ್ಲಿ. ಮಾತ್ರೆ, ಕಾಂಡೋಮ್ ತೆಗೆದುಕೊಂಡು ಮನೆ ಮನೆಗೆ ಹೋಗಿ ಹಂಚಿದರು. ಹಂಚಿದವರಲ್ಲಿ ಹೆಚ್ಚಿನವರು ವಯಸ್ಸಾದ, ಓದು ಬರಹ ಬಾರದ ವಿಧವೆಯರು. ಬಳಕೆ ಏರಿತು, ಆಮೇಲೆ ಇಳಿಯುತ್ತಾ ಹೋಯಿತು. ಮಾತ್ರೆಯಿಂದ ವಾಕರಿಕೆ ಬಂದರೆ ಉತ್ತರ ಹೇಳುವವರಿಲ್ಲ, ಬದಲಿಗೆ ಕೊಡಲು ಇನ್ನೊಂದಿಲ್ಲ.

1977ರಲ್ಲಿ ಅದೇ ಜಾಗದಲ್ಲಿ ಲೆಕ್ಕಾಚಾರ ಬದಲಾಯಿಸಿದರು. ಈ ಸಲ ಓದಿದ, ಮದುವೆಯಾದ, ತಾವೇ ಗರ್ಭನಿರೋಧಕ ಬಳಸುವ ಹಳ್ಳಿಯ ಹೆಂಗಸರನ್ನು ತೆಗೆದುಕೊಂಡರು. ಇಂಜೆಕ್ಷನ್ ಸೇರಿದಂತೆ ಹಲವು ವಿಧಾನ ಕೈಗಿಟ್ಟರು. ಅವರು ಆಗಾಗ ಅದೇ ಮನೆಗೆ ಹೋಗಿ ಹೇಗಿದ್ದೀಯಾ ಅಂತ ಕೇಳುತ್ತಿದ್ದರು. ತೊಂದರೆ ಅಂದವರನ್ನು ಕ್ಲಿನಿಕ್ಕಿಗೆ ಕಳಿಸುತ್ತಿದ್ದರು. ಈ ಸಲ ಬಳಕೆ ಏರಿದ್ದು ಮಾತ್ರವಲ್ಲ, ಉಳಿಯಿತು ಕೂಡ. ಮನೆ ಬಾಗಿಲಿಗೆ ಹೋಗಿದ್ದು ಎರಡು ಸಲವೂ ಇತ್ತು. ಎರಡನೇ ಸಲ ಜಾಸ್ತಿ ಇದ್ದದ್ದು ಆಯ್ಕೆ, ಮತ್ತೆ ಮತ್ತೆ ಬಂದು ವಿಚಾರಿಸುವ ಮುಖ.

ಗುರಿಯ ಮಾತಿಗೆ ಬಂದರೆ, 1994ರಲ್ಲಿ ಕೈರೋದ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ಸೇರಿ ಒಪ್ಪಿಕೊಂಡ ಕಾರ್ಯಯೋಜನೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ: ಇಷ್ಟು ಜನರನ್ನು ಕರೆತನ್ನಿ ಅಂತ ಸೇವೆ ಕೊಡುವವರ ಮೇಲೆ ಗುರಿ, ಕೋಟಾ ಹೇರಬಾರದು. ಯಾಕೆ ಬರೆದರು ಅಂದುಕೊಂಡಿರಿ? ಗುರಿ ತಲೆ ಮೇಲೆ ಕೂತ ಕಾರ್ಯಕರ್ತೆಗೆ ಎದುರಿಗಿರುವ ಹೆಂಗಸು ಒಂದು ಅಂಕಿಯಾಗಿ ಕಾಣುತ್ತಾಳೆ. "ತೆಗೆಯಿರಿ" ಅಂದವಳಿಗೆ "ತಡೆದುಕೋ" ಅನ್ನುವುದು ಅಲ್ಲಿಂದಲೇ ಶುರು. ತೆಗೆದರೆ ಅವಳ ಪಟ್ಟಿಯಲ್ಲಿ ಒಂದು ಕಡಿಮೆಯಾಗುತ್ತದಲ್ಲ! ಗುರಿ ಬೇಕೇ ಬೇಕು ಅಂದರೆ ಹೀಗಿಡಿ: ಬೇಡ ಅಂದವರಲ್ಲಿ ಎಷ್ಟು ಜನರಿಗೆ ಅವತ್ತೇ ತೆಗೆದಿದ್ದೀರಿ?

ಗಾಲಿಕುರ್ಚಿ

ಯಾರೂ ಹೇಳದ ಒಂದು ವಿಷಯ ನಾನು ಹೇಳುತ್ತೇನೆ. ನಾನು ವೀಲ್‌ಚೇರ್ ಬಳಸುವವಳು. "ನಡೆದೇ ಹೋಗಬಹುದು" ಅಂತ ಬರೆದಿದ್ದೀರಿ, ಅದಕ್ಕೇ ಬರೆಯಬೇಕು ಅನ್ನಿಸಿತು.

ನಾನು ಹೋಗುತ್ತಿದ್ದ ಕ್ಲಿನಿಕ್ಕಿಗೆ ಇಳಿಜಾರು ಇತ್ತು. ಫೋಟೋ ತೆಗೆಯಲು ಚೆನ್ನಾಗಿತ್ತು. ಒಳಗೆ ಪರೀಕ್ಷೆಯ ಮಂಚ ನನ್ನ ಎದೆಯೆತ್ತರಕ್ಕೆ. ಇಬ್ಬರು ಗಂಡಸರನ್ನು ಕರೆಸಿ ಎತ್ತಿಸೋಣವೇ ಅಂತ ಕೇಳಿದರು. ಕಾಪರ್ ಟಿ ಹಾಕಿಸಲು ಹೋದವಳಿಗೆ ಈ ಪ್ರಶ್ನೆ ಹೇಗೆ ಕೇಳಿಸುತ್ತದೆ ಅಂತ ಯೋಚಿಸಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನರ್ಸ್ ಎಲ್ಲ ಪ್ರಶ್ನೆಯನ್ನೂ ನನ್ನ ಜೊತೆ ಬಂದಿದ್ದ ತಂಗಿಗೆ ಕೇಳಿದರು. "ಇವರಿಗೆ ಇದೆಲ್ಲ ಯಾಕೆ ಬೇಕು?" ಅಂದರು. ನಾನು ಅಲ್ಲೇ ಕೂತಿದ್ದೇನೆ! ನಮ್ಮಂಥವರಿಗೆ ಗಂಡ, ಸಂಸಾರ, ಆಸೆ ಏನೂ ಇರುವುದಿಲ್ಲ ಅಂತ ಅವರ ಎಣಿಕೆ. ಇಲ್ಲದಿದ್ದರೆ ಇನ್ನೊಂದು ತುದಿ: "ಇವಳಿಗೆ ಆಪರೇಷನ್ನೇ ಮಾಡಿಸಿಬಿಡಿ, ತಲೆನೋವು ತಪ್ಪುತ್ತದೆ."

ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ ಓದಿ. ಎಷ್ಟು ಮಕ್ಕಳು, ಯಾವಾಗ ಅನ್ನುವುದನ್ನು ನಾವೇ ತೀರ್ಮಾನಿಸುವ ಹಕ್ಕು ಅದರಲ್ಲಿದೆ. ಮಕ್ಕಳಾಗುವ ಶಕ್ತಿಯನ್ನು ಉಳಿಸಿಕೊಳ್ಳುವ ಹಕ್ಕೂ ಇದೆ. 25ನೇ ವಿಧಿಯಲ್ಲಿ ಈ ಸೇವೆಗಳೆಲ್ಲ ಉಳಿದವರಿಗೆ ಸಿಗುವ ಮಟ್ಟದಲ್ಲೇ ನಮಗೂ ಸಿಗಬೇಕು ಅಂತ ಇದೆ.

ನೀವು ಮುಖ್ಯಸ್ಥರ ಹತ್ತಿರ ಹೋದಾಗ ಮೂರು ವಿಷಯ ಕೇಳಿ. ಎತ್ತರ ತಗ್ಗಿಸಬಹುದಾದ ಒಂದು ಮಂಚ. ಕಿವಿ ಕೇಳದವರು ಬಂದರೆ ಸನ್ನೆ ಭಾಷೆ ಬಲ್ಲ ಒಬ್ಬರನ್ನು ಕರೆಸುವ ವ್ಯವಸ್ಥೆ, ಅದಕ್ಕೆ ಮನೆಯವರನ್ನೇ ಕೂರಿಸಬಾರದು. ಮತ್ತೆ, ಮಾತಾಡಬೇಕಾದದ್ದು ಸೇವೆಗೆ ಬಂದವರ ಜೊತೆ, ಕರೆತಂದವರ ಜೊತೆ ಅಲ್ಲ. ಮೂರನೆಯದಕ್ಕೆ ಖರ್ಚೇ ಇಲ್ಲ.

ಔಷಧಿಡಬ್ಬಿ

ನಾನು ಫಾರ್ಮಸಿಸ್ಟ್. ಚಿಕ್ಕದಾಗಿ ಹೇಳುತ್ತೇನೆ. ಕ್ಲಿನಿಕ್ಕಿಗೆ ಹೋಗದವರು ನಮ್ಮ ಹತ್ತಿರ ಬರುತ್ತಾರೆ, ಅದೂ ಅಂಗಡಿ ಖಾಲಿಯಾಗುವವರೆಗೆ ಕಾದು. ಅವರಿಗೆ ಬೇಕಾದದ್ದು ಬೇಗ ಮುಗಿಯುವ, ಯಾರೂ ನೋಡದ ವ್ಯವಹಾರ. ನಿಮ್ಮ ಗುಂಪು ಔಷಧಿ ಅಂಗಡಿಯವರ ಜೊತೆಯೂ ಒಮ್ಮೆ ಕೂತು ಮಾತಾಡಲಿ.

ರಕ್ಷಣೆಯಿಲ್ಲದೆ ಸೇರಿದ ಮೇಲೆ ತೆಗೆದುಕೊಳ್ಳುವ ತುರ್ತು ಮಾತ್ರೆಯ ಬಗ್ಗೆ ತಪ್ಪು ಕಲ್ಪನೆ ಬಹಳ. ಲೆವೊನಾರ್ಜೆಸ್ಟ್ರೆಲ್ ಮಾತ್ರೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು, 72 ಗಂಟೆಯೊಳಗೆ ಅಂತ ಪೊಟ್ಟಣದ ಮೇಲೇ ಇರುತ್ತದೆ. ಯೂಲಿಪ್ರಿಸ್ಟಲ್ ಅನ್ನುವ ಇನ್ನೊಂದು 120 ಗಂಟೆಯವರೆಗೆ ನಡೆಯುತ್ತದೆ. ಎರಡೂ ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತವೆ. ಆಗಲೇ ನಿಂತ ಗರ್ಭವನ್ನು ಇವು ತೆಗೆಯುವುದಿಲ್ಲ. ಲೆವೊನಾರ್ಜೆಸ್ಟ್ರೆಲ್ ನುಂಗಿದ 2 ಗಂಟೆಯೊಳಗೆ, ಯೂಲಿಪ್ರಿಸ್ಟಲ್ ಆದರೆ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಗಟ್ಟಿ ಉಪಾಯ ಅಂದರೆ 5 ದಿನದೊಳಗೆ ಕಾಪರ್ ಟಿ ಹಾಕಿಸುವುದು. ಅದನ್ನು ಹೇಳುವವರೇ ಇಲ್ಲ.

ಪದೇ ಪದೇ ತುರ್ತು ಮಾತ್ರೆಗೆ ಬರುವ ಹುಡುಗಿಗೆ ಉಪದೇಶ ಮಾಡಬೇಡಿ. ದಿನವೂ ಬಳಸುವ ವಿಧಾನ ಅವಳಿಗೆ ಯಾಕೆ ಸಿಗುತ್ತಿಲ್ಲ ಅಂತ ಕೇಳಿ.

ಅಪ್ಪ_ಇಬ್ಬರಿಗೆ

ಇಲ್ಲಿಯವರೆಗೆ ಬರೀ ಹೆಂಗಸರ ಮಾತೇ ಆಯಿತು. ಗಂಡಸರ ಆಪರೇಷನ್ ಯಾರಿಗೂ ನೆನಪಾಗಲಿಲ್ಲ ನೋಡಿ, ಅದೇ ಸಮಸ್ಯೆ. 2019ರ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಮಾರು 22 ಕೋಟಿ ಜೋಡಿಗಳು ಹೆಂಗಸರ ಆಪರೇಷನ್ನನ್ನೇ ನೆಚ್ಚಿಕೊಂಡಿದ್ದವು. ಗಂಡಸರದ್ದು ಅದರ ಮುಂದೆ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಎರಡರಲ್ಲಿ ಸುಲಭದ್ದು, ಅಪಾಯ ಕಡಿಮೆಯದ್ದು ನಮ್ಮದು.

ನಾನು ಮಾಡಿಸಿಕೊಂಡವನು. ಹೊಲಿಗೆ ಕೂಡ ಹಾಕದ ವಿಧಾನ. ಚೀನಾದ ಲಿ ಶುನ್‌ಚಿಯಾಂಗ್ ಅನ್ನುವ ವೈದ್ಯರು 1974ರಲ್ಲಿ ರೂಪಿಸಿದ್ದು. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನ ಭಾರ ಎತ್ತಬೇಡ ಅಂದರು. ಹೆಂಡತಿ ನನ್ನಿಂದ ಸೇವೆ ಮಾಡಿಸಿಕೊಳ್ಳುವುದನ್ನು ಎರಡು ದಿನ ನಿಲ್ಲಿಸಿದಳು, ಮೂರನೇ ದಿನ ಮತ್ತೆ ಶುರು. ಗಂಡಸುತನ ಎಲ್ಲಿಗೂ ಹೋಗಿಲ್ಲ, ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಒಂದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ: ಮಾಡಿಸಿಕೊಂಡ ದಿನದಿಂದಲೇ ಅದು ಕೆಲಸ ಮಾಡುವುದಿಲ್ಲ. 3 ತಿಂಗಳು ಬೇರೆ ವಿಧಾನ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಹೆಂಡತಿ ಬಸಿರಾದರೆ ಅವಳ ಮೇಲೆ ಅನುಮಾನ ಬೀಳುತ್ತದೆ. ಮತ್ತೆ, ಇದು ಶಾಶ್ವತ. ಮುಂದೆ ಬೇಕಾಗಬಹುದು ಅನ್ನುವ ಸಣ್ಣ ಯೋಚನೆ ಇದ್ದರೂ ಬೇಡ.

ಗಂಡಸರು ಬರಬೇಕಾದರೆ ಕ್ಲಿನಿಕ್ಕಿನಲ್ಲಿ ಸಂಜೆ ಹೊತ್ತಾದರೂ ಮಾತಾಡಿಸುವ ಒಬ್ಬ ಗಂಡಸು ಇರಬೇಕು. "ತಾಯಿ ಮಗು" ಅಂತ ಬರೆದ ಬಾಗಿಲಿನ ಒಳಗೆ ಕಾಲಿಡಲು ನನಗೇ ಎಷ್ಟು ಹೊತ್ತು ಬೇಕಾಯಿತು ಗೊತ್ತಾ.

ಸಂಜೆಬೆಳಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಲಿಕುರ್ಚಿ ಅವರೇ, "ನಡೆದೇ ಹೋಗಬಹುದು" ಅನ್ನುವುದು ಎಲ್ಲರಿಗೂ ಅಲ್ಲ, ಸರಿ. ಮುಂದಿನ ಸಭೆಗೆ ನಿಮ್ಮ ಮೂರೂ ವಿಷಯ ಬರೆದಿಟ್ಟುಕೊಂಡಿದ್ದೇನೆ.

ಹಳೇನರ್ಸ್ ಅಕ್ಕ, ಇನ್ನೂ ಎರಡು ಪ್ರಶ್ನೆ. ಪಕ್ಕದ ಮನೆಯವಳು ಚೀಟಿ ಬರೆಯುವ ಸಮಸ್ಯೆಗೆ ಏನು ಮಾಡುವುದು? ಅವರನ್ನು ಕೆಲಸದಿಂದ ತೆಗೆಯಿರಿ ಅನ್ನಲು ಆಗುವುದಿಲ್ಲವಲ್ಲ. ಮತ್ತೆ, ಕಡ್ಡಿ ತೆಗೆಸಬೇಕು ಅನ್ನುವಾಕೆಯ ಜೊತೆ ಈ ವಾರ ನಾನೇ ಹೋಗುತ್ತಿದ್ದೇನೆ. ಅಲ್ಲಿ ಏನು ಹೇಳಬೇಕು?

ಹಳೇನರ್ಸ್

ಪಕ್ಕದ ಮನೆಯವಳ ಪಾಪ ಏನೂ ಇಲ್ಲ, ಕೆಲಸದ ಜೋಡಣೆಯದ್ದೇ ತಪ್ಪು. ಹೊರಗಿನ ಮೇಜಿನಲ್ಲಿ "ಯಾತಕ್ಕೆ ಬಂದಿರಿ?" ಅಂತ ಕೇಳುವುದನ್ನೇ ನಿಲ್ಲಿಸಲು ಹೇಳಿ. ಚೀಟಿಯಲ್ಲಿ ನಂಬರ್ ಇರಲಿ, ಕಾರಣ ಒಳಗೆ ನರ್ಸ್‌ಗೆ ಹೇಳಿದರೆ ಸಾಕು. ಕುಟುಂಬ ಯೋಜನೆಗೆ ಬೇರೆ ದಿನ, ಬೇರೆ ಬೆಂಚು ಇಟ್ಟಿದ್ದರೆ ಅದನ್ನು ತೆಗೆಸಿ. ಮಗುವಿನ ಲಸಿಕೆಗೆ ಬಂದವಳು, ಬಿಳಿ ಸೆರಗಿಗೆ ಬಂದವಳು, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಬಂದವಳು, ಮಕ್ಕಳಾಗಿಲ್ಲ ಅಂತ ಬಂದವಳು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರಲಿ. ಯಾರು ಯಾತಕ್ಕೆ ಬಂದರು ಅಂತ ಆಗ ಯಾರಿಗೆ ತಿಳಿಯುತ್ತದೆ? ಅಂದ ಹಾಗೆ, ಮಕ್ಕಳಾಗದವರನ್ನು ಈ ಸೇವೆಯಿಂದ ಹೊರಗಿಡಬೇಡಿ. ಬದುಕಿನಲ್ಲಿ ಯಾವಾಗಲಾದರೂ ಬಂಜೆತನದ ತೊಂದರೆ ಅನುಭವಿಸುವವರು ಸುಮಾರು ಆರರಲ್ಲಿ ಒಬ್ಬರು ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. "ಅಲ್ಲಿ ಹೋದರೆ ಮಕ್ಕಳು ಬೇಡ ಅಂತಲೇ ಹೇಳುತ್ತಾರೆ" ಅನ್ನುವ ಅನುಮಾನವೂ ಇದರಿಂದ ಕರಗುತ್ತದೆ.

ಹೊರಗೇ ಬರಲಾಗದವರಿಗೆ ಇನ್ನೊಂದು ದಾರಿ ಇದೆ. ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್ ಬಂದಿದೆ. ಸೂಜಿ, ಔಷಧ ಒಟ್ಟಿಗೇ ಇರುವ ಪುಟ್ಟ ಸಾಧನ. ಕಲಿಸಿಕೊಟ್ಟರೆ ಮನೆಯಲ್ಲೇ ತಾವೇ ಹಾಕಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರ ಸ್ವಯಂ ಆರೈಕೆ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಿದೆ. ನಿಮ್ಮ ಕ್ಲಿನಿಕ್ಕಿನಲ್ಲಿ ಇದೆಯೇ ಅಂತ ಕೇಳಿ ನೋಡಿ. ಬಳಸಿದ ಸೂಜಿಯನ್ನು ಎಲ್ಲಿ ಹಾಕಬೇಕು ಅನ್ನುವುದನ್ನೂ ಜೊತೆಗೇ ಕಲಿಸಬೇಕು, ಇಲ್ಲದಿದ್ದರೆ ಮಕ್ಕಳ ಕೈಗೆ ಸಿಗುತ್ತದೆ.

ಈಗ ಕಡ್ಡಿಯ ಆಕೆ. ಮೊದಲು ಅವಳನ್ನೇ ಒಂದು ಮಾತು ಕೇಳಿ: ರಕ್ತ ನಿಂತರೆ ಸಾಕೋ, ಕಡ್ಡಿಯೇ ಬೇಡವೋ? ಬರೀ ರಕ್ತದ ತೊಂದರೆ ಆದರೆ ಕೆಲವು ದಿನ ಐಬುಪ್ರೊಫೆನ್ ಥರದ ಮಾತ್ರೆ ಕೊಟ್ಟು ನೋಡಬಹುದು, ಅವಳಿಗೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ. ಅದನ್ನು ನರ್ಸ್ ತೀರ್ಮಾನಿಸಲಿ. ಇದ್ದಕ್ಕಿದ್ದಂತೆ ರಕ್ತ ಜಾಸ್ತಿಯಾಗಿದ್ದರೆ, ಹೊಟ್ಟೆನೋವೂ ಇದ್ದರೆ, ಕಾರಣ ಬೇರೆ ಇದೆಯೇ ಅಂತ ನೋಡಲೇಬೇಕು. "ಬೇಡವೇ ಬೇಡ" ಅಂದರೆ ಅಲ್ಲಿಗೆ ಮಾತು ಮುಗಿಯಿತು. ಕಾರಣ ಕೇಳಬಹುದು, ವಾದ ಮಾಡಬಾರದು.

ಒಳಗೆ ಅವಳೇ ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. "ನನಗೆ ಇದು ಬೇಡ, ಇವತ್ತು ತೆಗೆಯಿರಿ" ಅನ್ನಲಿ. ತೆಗೆಯಲು ಬರುವವರು ಇಲ್ಲ ಅಂದರೆ, ಯಾವ ದಿನ ಇರುತ್ತಾರೆ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬರೆಸಿಕೊಳ್ಳಿ. ಬಾಯಿ ಮಾತಿಗೆ ಎದ್ದು ಬರಬೇಡಿ. ಕಡ್ಡಿ ಬೆರಳಿಗೆ ಸಿಗುತ್ತದೆಯೇ ಅಂತ ಮೊದಲು ಮುಟ್ಟಿ ನೋಡಬೇಕು. ಸಿಕ್ಕಿದರೆ ಆ ಜಾಗ ಮರಗಟ್ಟಿಸಿ ಸಣ್ಣ ಗೀರು ಹಾಕಿ ತೆಗೆಯುತ್ತಾರೆ, ದೊಡ್ಡ ಕೆಲಸವಲ್ಲ. ಸಿಗದಿದ್ದರೆ ಮಾತ್ರ ಯಾರೂ ಕುಯ್ದು ಹುಡುಕಲು ಹೋಗಬಾರದು. ಆಳಕ್ಕೆ ಇಳಿದಿರಬಹುದು, ಪಕ್ಕದಲ್ಲಿ ನರ, ರಕ್ತನಾಳ ಇವೆ. ಸ್ಕ್ಯಾನ್ ಮಾಡಿ, ಅಭ್ಯಾಸ ಇದ್ದವರ ಹತ್ತಿರ ಕಳಿಸಬೇಕು. ಆ ಮಾತು ಹೇಳಿದರೆ ಅದು ನೆಪವಲ್ಲ, ನಂಬಿ.

ಮತ್ತೆ ಹೊರಡುವ ಮೊದಲು ಕೇಳಿಕೊಳ್ಳಿ, ಬಸಿರು ಬೇಡವಾದರೆ ಮುಂದೇನು ಅಂತ. ಕಡ್ಡಿ ತೆಗೆದ ಮೇಲೆ ಕಾಯುವ ಸಮಯ ಅಂತ ಇಲ್ಲ, ಬೇಗನೇ ಬಸಿರಾಗಬಹುದು. ಬೇರೆ ವಿಧಾನ ಬೇಕಾದರೆ ಅವತ್ತೇ ಅಲ್ಲೇ ಶುರು ಮಾಡಿಸಿ.

ಹೋಗಿ ಬಂದು ಇಲ್ಲಿ ಬರೆಯಿರಿ, ಏನಂದರು ಅಂತ.